ಶುಷ್ಕಶಿಲಾ ರಂಜಕಹರಣ ಮೀಮಾಂಸೆ, ಅಥವಾ ಮದ್ದೂರು ಗೇಟಿನಲ್ಲಿ ನಿಂತು ಕಡಲನ್ನು ಚಿಂತಿಸಿದ್ದು

ಶಾಸ್ತ್ರ ಬರೆಯಲು ಕುಳಿತವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯವೆಂದರೆ, ಉಪ್ಪುನೀರಿನ ಹವಳದ ತೊಟ್ಟಿಯೊಳಗೆ ಜೋಡಿಸುವ ಒಣಬಂಡೆಯಿಂದ ಫಾಸ್ಫೇಟನ್ನು ಹೊರಡಿಸುವುದು. ಪ್ರಯೋಜನವೆಂದರೆ, ತೊಟ್ಟಿಯಲ್ಲಿ ಪಾಚಿಯೂ ಮನೆಯಲ್ಲಿ ಮಾತೂ ಬೆಳೆಯದಿರುವುದು. ಸಂಬಂಧವೆಂದರೆ ಬಂಡೆಗೂ ಫಾಸ್ಫೇಟಿಗೂ ಇರುವಂಥದ್ದು. ಅದು ಸಂಯೋಗವೋ ಸಮವಾಯವೋ ಎಂಬುದೇ ಈ ಗ್ರಂಥದ ತಕರಾರಾದ್ದರಿಂದ ಸದ್ಯಕ್ಕೆ ಬಾಕಿ ಇಟ್ಟಿದೆ. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು, ಕಡಲಿನಿಂದ ಸಾಕಷ್ಟು ದೂರದಲ್ಲೂ ಸಾಕಷ್ಟು ಎತ್ತರದಲ್ಲೂ ವಾಸಿಸತಕ್ಕವನು. ಕಡಲಂಚಿನವರು ಓದಬಾರದೆಂದೇನೂ ಇಲ್ಲ. ಓದಿದರೆ ನಗುತ್ತಾರೆ, ಅಷ್ಟೆ.

ಈ ಅರ್ಹತೆಯನ್ನು ಮದ್ದೂರಿನಷ್ಟು ಸಮಗ್ರವಾಗಿ ಪಡೆದ ಊರು ಇನ್ನೊಂದಿಲ್ಲವೆಂದು ನಾವು ಸಾಧಿಸಲಿದ್ದೇವೆ. ಮದ್ದೂರು ಎಂದೊಡನೆ ವಡೆ ನೆನಪಾದವರು ತಪ್ಪು ರೈಲು ಹತ್ತಿದ್ದಾರೆ. ಅದು ಮಂಡ್ಯ ಜಿಲ್ಲೆಯದು. ನಮ್ಮದು ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನದು, ರೈಲೇ ಬಾರದ್ದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯತ್ತ ಹೊರಟ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡು ಹೊಗುವಲ್ಲಿ ಅರಣ್ಯ ಇಲಾಖೆಯ ಗೇಟು. 2009ರಿಂದ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದು ಆ ದಾರಿಯ ನಿತ್ಯಕರ್ಮ. ಕಲ್ಲಿಕೋಟೆಯಿಂದ ಟ್ಯಾಂಕರಿನಲ್ಲಿ ಕಡಲನೀರು ತರಿಸುವ ದುರಾಲೋಚನೆ ಯಾರಿಗಾದರೂ ಬಂದರೆ, ಒಂಬತ್ತರ ಮೇಲೆ ಕಡಲು ಕೇರಳದ ಕಡೆಯೇ ಮಲಗಬೇಕಾಗುತ್ತದೆ. ಆದ್ದರಿಂದ ಇಲ್ಲಿನ ಸಾಧಕನು ಪುಡಿಯುಪ್ಪು ತಂದು, ಲೀಟರಿಗೆ ಸುಮಾರು 35 ಗ್ರಾಮಿನಂತೆ ಆರ್‌ಒ ನೀರಿಗೆ ಬೆರೆಸಿ, ಕಡಲನ್ನು ಬಕೆಟ್ಟಿನಲ್ಲೇ ಕಲಸಿಕೊಳ್ಳತಕ್ಕದ್ದು. ಆನೆಗೂ ಜಿಂಕೆಗೂ ಉಪ್ಪೆಂದರೆ ಪ್ರಾಣ. ತೊಟ್ಟಿಯ ಹಳೇ ನೀರನ್ನು ಹಿತ್ತಿಲಿಗೆ ಚೆಲ್ಲುವ ಮುನ್ನ ಕಾಡಿನ ಕಡೆ ಒಮ್ಮೆ ನೋಡುವುದೊಳ್ಳೆಯದು.

ಪೂರ್ವಸೂರಿಗಳ ಸಮೀಕ್ಷೆಯಿಲ್ಲದೆ ಪ್ರಬಂಧಕ್ಕೆ ಪದವಿ ಸಿಗುವುದಿಲ್ಲ. ಬಿ. ಎಲ್. ರೈಸರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳಿವೆ. ಫಾಸ್ಫೇಟಿನ ಪ್ರಸ್ತಾಪ ಇಲ್ಲ. ಬಂಡೆಯ ಮೇಲಿನದನ್ನು ಓದುವುದು ಶಾಸನಜ್ಞರ ಧರ್ಮ, ಒಳಗಿನದನ್ನು ಓದುವುದು ನಮ್ಮದು ಎಂದು ಗಡಿ ಹಾಕಿಕೊಂಡು ಮುಂದುವರಿಯುತ್ತೇವೆ.

ಒಳಗೆ ಏನಿದೆ? ಒಣಬಂಡೆಯೆಂದರೆ ಕ್ಯಾಲ್ಸಿಯಂ ಕಾರ್ಬೊನೇಟು, ಸುಣ್ಣದ ಕಲ್ಲಿನ ಕುಲ; ಬಹುಪಾಲು ಎಂದೋ ಸತ್ತ ಹವಳದ ಅಸ್ಥಿ. ಮೈಯೆಲ್ಲ ತೂತು. ತೂತಿನಲ್ಲಿ ವಾಸಿಸಿದ್ದ ಜೀವಿಗಳು ಅಲ್ಲೇ ಸತ್ತು ಕೊಳೆತಾಗ ಬಿಟ್ಟ ಫಾಸ್ಫೇಟನ್ನು ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ತೊಟ್ಟಿಯಿಂದ ಬಂದ ಬಂಡೆಯಾದರೆ ವರ್ಷಗಟ್ಟಲೆ ಮೀನಿಗೆ ಹಾಕಿದ ತಿಂಡಿಯ ಲೆಕ್ಕವೂ ಅದರಲ್ಲಿ ಜಮೆಯಾಗಿರುತ್ತದೆ. ಅಂಥದ್ದನ್ನು ಹೊಸ ನೀರಿಗೆ ಇಳಿಸಿದರೆ ಜಮೆಯಾದದ್ದೆಲ್ಲ ಮೆಲ್ಲಗೆ ಹೊರಬಂದು ಪಾಚಿಗೆ ಊಟವಾಗುತ್ತದೆ. ಹವಳಕ್ಕೆ ಇನ್ನೂ ದೊಡ್ಡ ತೊಂದರೆ: ಫಾಸ್ಫೇಟ್ ಹೆಚ್ಚಾದ ನೀರಿನಲ್ಲಿ ಅದು ತನ್ನ ಸುಣ್ಣದ ಗೂಡು ಸರಿಯಾಗಿ ಕಟ್ಟಲಾರದು. ಕಿನ್ಸಿ ಮತ್ತು ಡೇವಿಸ್ ಎಂಬಿಬ್ಬರು ಆಸ್ಟ್ರೇಲಿಯಾದ ಹವಳದಿಬ್ಬವೊಂದಕ್ಕೆ ಎಂಟು ತಿಂಗಳು ಫಾಸ್ಫೇಟು, ಸಾರಜನಕ ಉಣಿಸಿ ನೋಡಿ, ಸುಣ್ಣ ಕಟ್ಟುವ ಕೆಲಸ ಅರ್ಧಕ್ಕೂ ಕೆಳಗಿಳಿಯಿತೆಂದು 1979ರಲ್ಲಿ ಬರೆದರು. ಇಷ್ಟು ಭಾಗ ನಿಜವಾದ ವಿಜ್ಞಾನ. ಓದುಗರು ಗಾಬರಿಯಾಗಬಾರದು, ಬೇಗ ಮುಗಿಯುತ್ತದೆ.

ಈಗ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಪರಿಶಿಷ್ಟದಲ್ಲಿ ಹುಲಿ ಇದೆ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಅದೇ ಪರಿಶಿಷ್ಟಕ್ಕೆ ಸೇರಿಸಲಾಯಿತು. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಸತ್ತ ಹವಳದ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ಮದ್ದೂರು ಗೇಟಿಗೆ ಬಂದವನು ತತ್ತ್ವತಃ ಹುಲಿಯುಗುರು ತಂದವನ ಪಂಕ್ತಿಯಲ್ಲೇ ಕೂರಬೇಕು. ಹುಲಿಯನ್ನು ಕಾಯುವ ಗೇಟೇ ಹವಳವನ್ನೂ ಕಾಯುತ್ತಿದೆಯೆಂಬುದು ಮದ್ದೂರಿನ ಪರವಾಗಿ ನಮಗೆ ದೊರೆತ ಮೊದಲ ಪ್ರಬಲ ಸಾಕ್ಷ್ಯ. ಆದ್ದರಿಂದ ಸಾಧಕನು ಕಡಲಿನಿಂದ ಕಿತ್ತದ್ದನ್ನು ಬಿಟ್ಟು, ಕಾರ್ಖಾನೆಯಲ್ಲಿ ಎರಕ ಹೊಯ್ದ ಬಂಡೆಯನ್ನೋ ಗಣಿಯ ಸುಣ್ಣಕಲ್ಲನ್ನೋ ಆಶ್ರಯಿಸಲಿ. ಜಿಲ್ಲೆಯಲ್ಲಿ ಬೇಕಾದಷ್ಟು ಕರಿಕಲ್ಲಿದೆಯಲ್ಲ ಎಂದು ಕೇಳುವವರಿಗೆ ಉತ್ತರ: ಚಾಮರಾಜನಗರದ ಕರಿಕಲ್ಲಿಗೆ ತೂತಿಲ್ಲ, ಸುಣ್ಣವಿಲ್ಲ, ಹೊಳಪು ಮಾತ್ರ. ಗೋರಿಗೆ, ಅಡುಗೆಮನೆ ಕಟ್ಟೆಗೆ ಆದೀತು.

ಪೂರ್ವಪಕ್ಷ ಹೀಗಿದೆ. ಗುಂಡ್ಲುಪೇಟೆ ಸೀಮೆಯ ರೈತನೊಬ್ಬ, ಚೆಂಡುಹೂವೋ ಅರಿಸಿನವೋ ಸಾಂಬಾರ್ ಈರುಳ್ಳಿಯೋ ಬೆಳೆಯುವವನು, ನಮ್ಮ ವಾದವನ್ನು ಕೇಳಿ ಅನ್ನುತ್ತಾನೆ: ‘ಕಲ್ಲಿಂದ ಗೊಬ್ರವ ತಗುದು ಚೆಲ್ಲಾಕೂ ದುಡ್ಡು ಕೊಡ್ತರಾ ಸ್ವಾಮಿ?’ ಆಕ್ಷೇಪ ಗಂಭೀರವಾದದ್ದು. ಅವನು ಡಿಎಪಿ ಚೀಲಕ್ಕೆ 1,350 ರೂಪಾಯಿ ಕೊಡುತ್ತಾನೆ, ಅದೂ ಸರ್ಕಾರ ಸಹಾಯಧನ ಕೊಟ್ಟ ಮೇಲೆ. 50 ಕಿಲೋ ಚೀಲದಲ್ಲಿ ನೂರಕ್ಕೆ 46ರಷ್ಟು ರಂಜಕದ ಪೆಂಟಾಕ್ಸೈಡು. ಇದನ್ನು ಫಾಸ್ಫೇಟಿಗೆ ತಿರುಗಿಸಿ ಲೆಕ್ಕ ಹಾಕಿದರೆ ಸುಮಾರು 30 ಕಿಲೋ. ಹವಳ ಸಾಕುವವನ ಎದೆ ಲೀಟರಿಗೆ 0.1 ಮಿಲಿಗ್ರಾಮಿಗೇ ಡವಡವ ಎನ್ನುತ್ತದೆ. ಆ ಮಾನದಂಡದಲ್ಲಿ ಒಂದೇ ಚೀಲ ಡಿಎಪಿ 30 ಕೋಟಿ ಲೀಟರ್ ನೀರನ್ನು, ಅಂದರೆ 200 ಲೀಟರಿನ 15 ಲಕ್ಷ ತೊಟ್ಟಿಗಳನ್ನು ಕೆಡಿಸಬಲ್ಲದು. ತಾಲ್ಲೂಕಿನಲ್ಲಿ ಅಷ್ಟು ಮನೆಗಳೇ ಇಲ್ಲದಿರುವುದು ಒಂದು ಸಮಾಧಾನ.

ರೈತನ ಪಕ್ಷಕ್ಕೆ ಕಾಡಿನಿಂದಲೂ ಬೆಂಬಲವಿದೆ. ಕಡವೆ, ಜಿಂಕೆಗಳು ಉದುರಿಸಿದ ಕೊಂಬನ್ನು ಮುಳ್ಳುಹಂದಿ ಹುಡುಕಿಕೊಂಡು ಹೋಗಿ ಕಡಿಯುತ್ತದೆ, ಅದರಲ್ಲಿರುವ ಸುಣ್ಣ ಮತ್ತು ರಂಜಕಕ್ಕಾಗಿ. ಚರಿತ್ರೆಯೂ ಅವನ ಕಡೆಗೇ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಚಿನ್ನ ಹುಡುಕುತ್ತ ಮೂತ್ರವನ್ನು ಕಾಯಿಸಿ ಕಾಯಿಸಿ ರಂಜಕವನ್ನು ಪಡೆದ. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಫಾಸ್ಫೇಟಿನ ಕಲ್ಲಿಗೂ ಮೂಳೆಗೂ ಗಂಧಕಾಮ್ಲ ಸುರಿದು ಸೂಪರ್ ಫಾಸ್ಫೇಟ್ ಮಾಡುವ ಹಕ್ಕು ಪತ್ರ ಪಡೆದ. ಕಲ್ಲಿಗೆ ಆಮ್ಲ ಸುರಿಯುವ ಕ್ರಿಯೆ ಲಾಸನದೂ ನಮ್ಮ ಹವಳದವನದೂ ಒಂದೇ. ಲಾಸ್ ಕಲ್ಲನ್ನು ಬಿಟ್ಟು ಫಾಸ್ಫೇಟನ್ನು ಇಟ್ಟುಕೊಂಡ; ನಮ್ಮವನು ಫಾಸ್ಫೇಟನ್ನು ಬಿಟ್ಟು ಕಲ್ಲನ್ನು ಇಟ್ಟುಕೊಳ್ಳುತ್ತಾನೆ.

ಒಣ ಹವಳಬಂಡೆಯಿಂದ ಫಾಸ್ಫೇಟ್ ತೆಗೆಯುವ ಪ್ರಯೋಗ ಜಗತ್ತಿನಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ತೊಟ್ಟಿಯಲ್ಲಲ್ಲ, ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪದಲ್ಲಿ. ಮೇಲೆದ್ದ ಹವಳದಿಬ್ಬವದು, ಸುಣ್ಣದ ಚೂಪು ಕಂಬಗಳ ನಡುವೆ ಫಾಸ್ಫೇಟು ತುಂಬಿತ್ತು. 20ನೆಯ ಶತಮಾನದ ಆರಂಭದಿಂದ ಅದನ್ನು ಬಗೆಬಗೆದು ಹಡಗಿನಲ್ಲಿ ಸಾಗಿಸಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹೊಲಗಳಿಗೆ ಚೆಲ್ಲಿದರು. 1968ರಲ್ಲಿ ಸ್ವತಂತ್ರವಾದ ದೇಶ ಕೆಲಕಾಲ ಲೋಕದ ಅತಿ ಶ್ರೀಮಂತರ ಸಾಲಿನಲ್ಲಿತ್ತು. ಗಣಿ ಬರಿದಾದಾಗ ಉಳಿದದ್ದು ದ್ವೀಪದ ಬಹುಭಾಗದಲ್ಲಿ ಬರಿಯ ಹವಳಗಲ್ಲಿನ ಕಂಬಗಳು, ಖಾಲಿಯಾದ ಖಜಾನೆ. ಹವಳ ಸಾಕುವ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇಡೀ ದೇಶ ಯಶಸ್ವಿಯಾಗಿ ಶುದ್ಧಿಯಾಗಿತ್ತು.

ಈಗ ಬಾಕಿ ಇಟ್ಟ ಸಂಬಂಧದ ಪ್ರಶ್ನೆ. ಮೇಜಿನ ಮೇಲಿಟ್ಟ ಪುಸ್ತಕದಂತೆ ಬಿಡಿಸಬಹುದಾದ ನಂಟನ್ನು ನೈಯಾಯಿಕರು ಸಂಯೋಗ ಎನ್ನುತ್ತಾರೆ. ಬಟ್ಟೆ ಮತ್ತು ನೂಲಿನಂತೆ ಒಂದನ್ನು ನಾಶಮಾಡದೆ ಬಿಡಿಸಲಾಗದ ನಂಟು ಸಮವಾಯ. ಫಾಸ್ಫೇಟು ಎರಡೂ ಬಗೆಯಲ್ಲಿ ಇರುತ್ತದೆ. ಮೇಲ್ಮೈಗೆ ಅಂಟಿಕೊಂಡದ್ದು ಸಂಯೋಗಿ. ಕ್ಯಾಲ್ಸಿಯಂ ಜೊತೆ ಕೂಡಿ ಕಲ್ಲೇ ಆಗಿಹೋದದ್ದು ಸಮವಾಯಿ. ಬ್ಲೀಚಿನಲ್ಲಿ ನೆನೆಸಿದರೆ ಇವೆರಡೂ ಅಲುಗುವುದಿಲ್ಲ. ತೂತಿನಲ್ಲಿ ಒಣಗಿ ಕೂತ ಕೊಳಕು ಮಾತ್ರ ಹೋಗುತ್ತದೆ. ಆಮೇಲೆ ಟೈಲ್ಸ್ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ, ಹತ್ತು ಪಾಲು ನೀರಿಗೆ ಒಂದು ಪಾಲು. ಬುಸುಗುಟ್ಟುತ್ತ ನೊರೆಯೇಳುತ್ತದೆ, ಕಲ್ಲಿನ ಹೊರಪದರ ಕರಗುತ್ತದೆ, ಅದರೊಡನೆ ಅಲ್ಲಿದ್ದ ಫಾಸ್ಫೇಟೂ. (ನೀರಿಗೆ ಆಸಿಡ್ ಸುರಿಯಬೇಕು, ಆಸಿಡಿಗೆ ನೀರಲ್ಲ. ಬಯಲಲ್ಲೇ ಮಾಡಬೇಕು, ಕನ್ನಡಕ ಕೈಗವಸು ಬೇಕು. ಬ್ಲೀಚನ್ನು ಚೆನ್ನಾಗಿ ತೊಳೆದು ಒಣಗಿಸದೆ ಆಸಿಡಿಗೆ ಇಳಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಈ ಆವರಣದೊಳಗೆ ಅಣಕವಿಲ್ಲ.) ಒಳಪದರದ ಫಾಸ್ಫೇಟಿಗೆ ಮತ್ತೊಮ್ಮೆ ಆಸಿಡ್, ಇನ್ನೂ ಒಳಗಿನದಕ್ಕೆ ಮಗದೊಮ್ಮೆ. ನೂರು ಗ್ರಾಂ ಕಲ್ಲಿಗೆ 73 ಗ್ರಾಂ ಶುದ್ಧ ಆಮ್ಲ ಉಣಿಸಿದಾಗ ಕಲ್ಲು ಪೂರ್ತಿ ಕರಗಿ, ಅದರೊಳಗಿನ ಫಾಸ್ಫೇಟು ನಿಸ್ಸಂದೇಹವಾಗಿ ಸೊನ್ನೆಯಾಗುತ್ತದೆ. ಆಶ್ರಯವೇ ನಾಶವಾದಾಗ ಸಮವಾಯವೂ ಹರಿಯುವುದೆಂಬ ಶಾಸ್ತ್ರವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನಮಗೆ ಸಿಕ್ಕಿಲ್ಲ.

ಆಸಿಡಿಗೆ ಅಂಜುವವರಿಗೆ ಲ್ಯಾಂಥನಮ್ ಕ್ಲೋರೈಡು. ನೀರಿನಲ್ಲಿರುವ ಫಾಸ್ಫೇಟನ್ನು ಹಿಡಿದು ಬಿಳಿ ಗಸಿಯಾಗಿ ತಳಕ್ಕೆ ಕೂರಿಸುತ್ತದೆ; ಮೂತ್ರಪಿಂಡ ಸೋತವರಿಗೂ ವೈದ್ಯರು ಇದೇ ಧಾತುವಿನ ಇನ್ನೊಂದು ಲವಣವನ್ನು ಊಟದ ಜೊತೆ ಕೊಡುತ್ತಾರೆ, ರಕ್ತದ ಫಾಸ್ಫೇಟ್ ಏರದಿರಲೆಂದು. ಲ್ಯಾಂಥನಮ್ ಇರುವುದು ಕೇರಳದ ಕಡಲದಂಡೆಯ ಮೊನಜೈಟ್ ಮರಳಿನಲ್ಲಿ. ಹೆದ್ದಾರಿ 766ರಲ್ಲಿ ಮೇಲಕ್ಕೆ ಬರುವ ಸರಕಿಗೆ ಹೀಗೊಂದು ಗೌರವದ ಸೇರ್ಪಡೆಯಾಯಿತು.

ಇನ್ನು ಸಿದ್ಧಾಂತ. ಹವಳದವರು ಅತಿ ಹೆಚ್ಚು ನಂಬುವ ಔಷಧ ಜಿಎಫ್‌ಒ, ಎಂದರೆ ಕಬ್ಬಿಣದ ಆಕ್ಸೈಡಿನ ಕಾಳು. ಬಿಡಿಸಿ ಹೇಳಿದರೆ ತುಕ್ಕು, ಡಬ್ಬಿಯಲ್ಲಿ ಮಾರುವಂಥದ್ದು. ಫಾಸ್ಫೇಟು ಕಬ್ಬಿಣದ ಆಕ್ಸೈಡನ್ನು ಕಂಡರೆ ಬಿಡುವುದಿಲ್ಲ, ಹೋಗಿ ಅಂಟಿಕೊಳ್ಳುತ್ತದೆ. ಮದ್ದೂರಿನ ಸುತ್ತ ಹೊಲಗಳನ್ನು ನೋಡಿ: ಕೆಂಪು. ಆ ಕೆಂಪು ಯಾವುದು? ಅದೇ ಕಬ್ಬಿಣದ ಆಕ್ಸೈಡು. ರೈತ ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಐದರಲ್ಲೊಂದು ಪಾಲು. ಉಳಿದದ್ದಕ್ಕೆ ‘ಹಾಕುದ್ದ ಗೊಬ್ರವ ಮಣ್ಣೇ ತಿಂದ್ಬುಡ್ತದ’ ಎಂಬುದು ಅವನ ದೂರು. ರೈತನ ದೂರೇ ಹವಳದವನ ವರ. ಆದ್ದರಿಂದ ಭೂಮಂಡಲದಲ್ಲಿ ಒಣಬಂಡೆಯನ್ನು ಶುದ್ಧಿ ಮಾಡಲು ಯೋಗ್ಯವಾದ ಕ್ಷೇತ್ರ ಮದ್ದೂರೇ ಎಂದು ಸಿದ್ಧವಾಯಿತು. ಮಣ್ಣನ್ನು ತೊಟ್ಟಿಗೆ ಸುರಿದರೆ ನೀರು ಕೆಂಪಾಗಿ ಮೀನು ಕಾಣುವುದಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಮೀನು ಕಾಣದಿದ್ದಾಗ ಪಾಚಿಯೂ ಕಾಣುವುದಿಲ್ಲ. ಇದನ್ನು ನಮ್ಮ ಪಕ್ಷದ ಬಲವೆಂದೇ ಎಣಿಸಬೇಕು.

ಅಳತೆಯ ವಿಚಾರದಲ್ಲಿ ಒಂದು ಸೋಜಿಗವಿದೆ. ನೀರಿನ ಫಾಸ್ಫೇಟನ್ನು ಅಳೆಯಲು ಮರ್ಫಿ ಮತ್ತು ರೈಲಿ 1962ರಲ್ಲಿ ಹಾಕಿಕೊಟ್ಟ ದಾರಿ ಮಾಲಿಬ್ಡಿನಮ್ ನೀಲಿ: ಫಾಸ್ಫೇಟ್ ಇದ್ದಷ್ಟೂ ನೀಲಿ ಗಾಢ. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲೂ ಅದೇ ನೀಲಿ. ಅಲ್ಲಿ ನೀಲಿ ಕಡುವಾದರೆ ಈ ಸಲ ಗೊಬ್ಬರದ ಖರ್ಚು ಉಳಿಯಿತೆಂದು ಸಂತೋಷ, ಇಲ್ಲಿ ಅದೇ ನೀಲಿಗೆ ನಿದ್ದೆ ಹಾರುತ್ತದೆ. ಅದೂ ಒಂದು ಸಲಕ್ಕೆ ಮುಗಿಯುವ ನಿದ್ರಾಭಂಗವಲ್ಲ. ಆಸಿಡಾಯಿತು, ಲ್ಯಾಂಥನಮ್ ಆಯಿತು, ತುಕ್ಕಾಯಿತು, ನೀರಿನಲ್ಲಿ ಸೊನ್ನೆ ಬಂತು ಎಂದು ಬಂಡೆಯನ್ನು ತೊಟ್ಟಿಗಿಳಿಸಿದ ವಾರದೊಳಗೆ ಒಳಗಿದ್ದ ಫಾಸ್ಫೇಟು ನೀರಿನೊಡನೆ ಸಮತೋಲಕ್ಕಾಗಿ ಮತ್ತೆ ಹೊರಡುತ್ತದೆ. ಹಬ್ಬಕ್ಕೆ ಬಂದ ನೆಂಟರನ್ನು ಬಸ್ಸು ಹತ್ತಿಸಿ ಬಂದರೆ ಹಿತ್ತಿಲಲ್ಲಿ ಕಾಫಿ ಕುಡಿಯುತ್ತ ಕೂತಿರುತ್ತಾರಲ್ಲ, ಹಾಗೆ. ಕತ್ತಲೆಯ ಡ್ರಮ್ಮಿನಲ್ಲಿ ಉಪ್ಪುನೀರಿನೊಳಗೆ ವಾರಗಟ್ಟಲೆ ನೆನೆಸಿಟ್ಟು, ಅಳೆದು, ನೀರು ಬದಲಿಸಿ, ಮತ್ತೆ ಅಳೆಯುವವನೇ ಕೊನೆಗೆ ಗೆಲ್ಲುವುದು. ತಾಳ್ಮೆಯನ್ನು ಯಾವ ಅಂಗಡಿಯೂ ಡಬ್ಬಿಯಲ್ಲಿ ಮಾರದ ಕಾರಣ ಈ ವಿಧಾನದ ಬಗ್ಗೆ ಪ್ರಚಾರ ಕಡಿಮೆ.

ಉತ್ತರಖಂಡದಲ್ಲಿ ಹೇಳಬೇಕಾದ್ದು ಒಂದುಳಿದಿದೆ. ಫಾಸ್ಫೇಟು ನಿಜವಾಗಿ ಸೊನ್ನೆಯಾದ ತೊಟ್ಟಿಯಲ್ಲಿ ಹವಳ ಬದುಕುವುದಿಲ್ಲ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿಗೂ ರಂಜಕ ಬೇಕು. ಸಿಗದಿದ್ದರೆ ಹವಳ ಬಿಳಿಚಿಕೊಳ್ಳುತ್ತದೆ. ಖಾಲಿ ಜಾಗಕ್ಕೆ ಡೈನೋಫ್ಲ್ಯಾಜೆಲೇಟ್ ಎಂಬ ಕಂದು ಲೋಳೆ ಬಂದು ಕೂರುತ್ತದೆ, ಅದು ಪಾಚಿಗಿಂತ ಹಟಮಾರಿ. ಆಗ ಸಾಧಕನು ಇಷ್ಟು ಕಷ್ಟಪಟ್ಟು ಹೊರಗಟ್ಟಿದ ಫಾಸ್ಫೇಟನ್ನೇ ಹನಿಹನಿಯಾಗಿ ತೊಟ್ಟಿಗೆ ಹಾಕತೊಡಗುತ್ತಾನೆ. ಹವಳದ ಅಂಗಡಿಯ ಬಾಟಲಿ ದುಬಾರಿ. ಒಳಗಿರುವುದು ಪೊಟ್ಯಾಸಿಯಂ ಫಾಸ್ಫೇಟಿನಂಥದ್ದು. ಬಾಳೆಗೂ ಟೊಮೆಟೊಗೂ ಡ್ರಿಪ್ಪಿನಲ್ಲಿ ಬಿಡುವವರು ಅದನ್ನು ಸೊನ್ನೆ ಐವತ್ತೆರಡು ಮೂವತ್ನಾಲ್ಕು ಎಂದು ಕರೆಯುತ್ತಾರೆ. ಹೀಗೆ ಸಾಧಕನು ಗುಂಡ್ಲುಪೇಟೆಯ ಗೊಬ್ಬರದಂಗಡಿಯ ಮುಂದೆ, ಪೂರ್ವಪಕ್ಷದ ರೈತನ ಹಿಂದೆಯೇ ಸಾಲಿನಲ್ಲಿ ನಿಂತು, ಒಂದು ಕಿಲೋ ಪೊಟ್ಟಣ ಕೇಳುತ್ತಾನೆ. ಒಂದು ಕಿಲೋ ಅವನ ಆಯುಷ್ಯಕ್ಕೂ ಮಕ್ಕಳ ಆಯುಷ್ಯಕ್ಕೂ ಸಾಕು. ಅಂಗಡಿಯವನು ಪೊಟ್ಟಣ ತೆಗೆಯುತ್ತ, ಎಲ್ಲರನ್ನೂ ಕೇಳುವಂತೆಯೇ, ಯಾವ ಬೆಳೆಗೆ, ಎಷ್ಟು ಎಕರೆ ಎಂದು ಕೇಳುತ್ತಾನೆ.