ಅಮ್ಮ ಬರೆದಿಟ್ಟ ಚೀಟಿ

ಬೆಳಿಗ್ಗೆ ದಾಸವಾಳ ಕೀಳ್ತಿದ್ದೆ. ಪಕ್ಕದ ಮನೆ ಅಕ್ಕ ಕಾಂಪೌಂಡ್ ಮೇಲಿಂದ ಏಲಕ್ಕಿ ಬಾಳೆಹಣ್ಣಿನ ಚಿಪ್ಪು ತೋರಿಸಿ, "ಎಷ್ಟು ಗುಂಗುರು ಮುತ್ತಿದೆ ನೋಡ್ರೀ!" ಅಂದರು.

"ಬಿಸಾಕಬೇಡಿ ಅಕ್ಕಾ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗೋ ದಾರೀಲಿ ಜಿಕೆವಿಕೆ ಇದೆಯಲ್ಲ, ಅದರೊಳಗೆ ವಿಜ್ಞಾನಿ ಒಬೈದ್ ಸಿದ್ದಿಕಿಯವರು ಕಟ್ಟಿದ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಸ್ಥೇಲಿ ಇದೇ ಜಾತಿ ನೊಣಗಳನ್ನ ಬಾಟಲಿಲಿಟ್ಟು ಸಾಕ್ತಾರೆ."

"ನೊಣಾನ! ಯಾಕೆ?"

"ಮೊಟ್ಟೆಯೊಳಗೆ ಜೀವ ಹೇಗೆ ಶುರುವಾಗುತ್ತೆ ಅನ್ನೋದನ್ನ ಪ್ರಪಂಚಕ್ಕೆ ಹೇಳಿಕೊಟ್ಟಿದ್ದು ಹೆಚ್ಚಾಗಿ ಇವೇ. ಅರ್ಧ ಮಿಲಿಮೀಟರ್ ಮೊಟ್ಟೆ. ಮೊದಲ ಎರಡು ಗಂಟೇಲಿ ಒಂದು ನ್ಯೂಕ್ಲಿಯಸ್ 13 ಸಲ ಇಬ್ಭಾಗವಾಗಿ ಸಾವಿರಾರು ಆಗುತ್ತೆ. ಆ ಹೊತ್ತಿಗೆ ಮರಿಯ ಸ್ವಂತ ಜೀನ್‌ಗಳು ಹೆಚ್ಚುಕಮ್ಮಿ ಮಲಗೇ ಇರ್ತವೆ."

"ಮತ್ತೆ ಮನೆ ನಡೆಸೋರು ಯಾರು?"

"ತಾಯಿ. ಮೊಟ್ಟೆ ಬೆಳೆಯುವಾಗಲೇ ಆರ್‌ಎನ್‌ಎ ತುಂಬಿಟ್ಟಿರ್ತಾಳೆ. ಅದರಲ್ಲಿ ಯಾವ ಪ್ರೋಟೀನ್ ಮಾಡಬೇಕು ಅಂತ ಬರೆದಿರುತ್ತೆ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮತ್ತೆ ಊರಿಗೆ ಹೋಗೋವಾಗ ಹಾಗೇ, ಡಬ್ಬಿ ಡಬ್ಬಿಗೂ ಚೀಟಿ ಅಂಟಿಸಿ ಹೋಗೋರು."

ಅವರ ಮಾತು ಸರಿಯಾಗಿಯೇ ಹೊಂದಿತು. ಆದರೆ ಎಲ್ಲ ಚೀಟೀನೂ ಒಂದೇ ಸಲ ಓದಿಬಿಟ್ಟರೆ ಅಡುಗೆ ಕೆಟ್ಟಂತೆಯೇ. ಅದಕ್ಕೇ ಹಲವು ಚೀಟಿಗಳ ಬಾಲ ಗಿಡ್ಡ. ಆ ಬಾಲ 'ಎ' ಅನ್ನೋ ಒಂದೇ ಅಕ್ಷರದ ಸಾಲು. ಗಿಡ್ಡ ಬಾಲದ್ದನ್ನ ಪ್ರೋಟೀನ್ ಮಾಡೋ ರೈಬೋಸೋಮ್ ಅಷ್ಟಾಗಿ ಓದಲ್ಲ. ಮೊಟ್ಟೆ ಅಂಡನಾಳದಲ್ಲಿ ಜಾರಿ ಹೊರಬರುವಾಗ ಎಚ್ಚರವಾಗಿ, ಬಾಲಕ್ಕೆ 'ಎ' ಸೇರ್ತಾ ಹೋಗುತ್ತೆ, ಓದು ಶುರು. ಬೈಕಾಯ್ಡ್ ಅನ್ನೋ ಚೀಟಿ ಹೀಗೇ ಎಚ್ಚರಾಗೋದು. ಅದು ಇರೋದು ಮೊಟ್ಟೆಯ ಮುಂದಿನ ತುದೀಲಿ. ತಾಯಿ ಅದನ್ನ ಇಡದಿದ್ರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ. ಅಪ್ಪನ ಜೀನ್ ಚೆನ್ನಾಗಿದ್ರೂ ಉಪಯೋಗವಿಲ್ಲ. ನ್ಯಾನೋಸ್ ಚೀಟಿ ಮೊಟ್ಟೆ ತುಂಬ ಚದುರಿರುತ್ತೆ, ಆದರೆ ಹಿಂದಿನ ತುದೀಲಿ ಮಾತ್ರ ಓದು ನಡೆಯುತ್ತೆ. ಬೇರೆ ಕಡೆ ಸ್ಮಾಗ್ ಅನ್ನೋ ಪ್ರೋಟೀನ್ ಅದರ ಮೇಲೆ ಕೂತು ಓದಗೊಡಲ್ಲ. ಇಂಥ ಮೊಟ್ಟೆಗಳಲ್ಲಿ ಮೈ ಕಟ್ಟೋ ಜೀನ್‌ಗಳನ್ನ ಹುಡುಕಿದ್ದಕ್ಕೇ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ವೀಶಾಸ್‌ಗೆ 1995ರಲ್ಲಿ ನೊಬೆಲ್ ಬಂತು.

"ಚೀಟಿ ಆಮೇಲೆ?"

"ಮೊಟ್ಟೇನೇ ಹರಿದು ಹಾಕುತ್ತೆ ಅಕ್ಕಾ. ಎರಡು ಮೂರು ಗಂಟೆಗೆ ಮರಿಯ ಜೀನ್‌ಗಳೇ ಎದ್ದು ಕೂರ್ತವೆ."

"ಮನುಷ್ಯರಿಗೂ ಹೀಗೇನಾ?" ಅಕ್ಕನ ದನಿ ತಗ್ಗಿತು. ಸೊಸೆಗೆ ಈಗ ಮೂರು ತಿಂಗಳು.

"ಹೌದು. ನಮ್ಮಲ್ಲಿ ನಿಧಾನ, ಸುಮಾರು ಮೂರನೇ ದಿನ, ನಾಲ್ಕರಿಂದ ಎಂಟು ಕೋಶ ಆದಾಗ. ಅಲ್ಲೀತನಕ ತಾಯಿ ಇಟ್ಟಿದ್ದೇ ನಡೆಸುತ್ತೆ."

ಅಕ್ಕ ಒಂದು ಕಳಿತ ಹಣ್ಣು ಕಿತ್ತು ಲೋಟಕ್ಕೆ ಹಾಕಿ, ಗುಂಗುರು ಕೂತಮೇಲೆ ಬಾಯಿಗೆ ಬಟ್ಟೆ ಕಟ್ಟಿದರು. "ನಾಳೆ ಭೂತಗನ್ನಡಿ ತನ್ನಿ. ಎಲ್ಲಿ ನೋಡಬೇಕು?"

"ಸಿಪ್ಪೆ ಒಡೆದ ಕಡೆ. ಮೊಟ್ಟೆ ಬೆಳ್ಳಗೆ ಅಕ್ಕಿ ನುಚ್ಚಿನ ಹಾಗಿರುತ್ತೆ. ಮುಂದೆ ಎರಡು ಎಳೆ ಮೀಸೆ."