ಪಾಲಾರಿವಟ್ಟಂನಲ್ಲಿ ಫ್ರಿಜ್ ಇಳಿಸುವ ವಿಧಾನ

ಈ ಕೈಪಿಡಿ ಬೆಂಗಳೂರಿನಿಂದ ಕೊಚ್ಚಿಗೆ ವರ್ಗವಾಗಿ, ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹಿಡಿದ ಕನ್ನಡಿಗರಿಗೆ. ಸಾಮಾನು ಇಳಿಸುವ ಮುನ್ನ ಪೂರ್ತಿ ಓದಿ. ಓದಿ ಮುಗಿಸುವಷ್ಟರಲ್ಲಿ ಅವರು ಬಂದಿರುತ್ತಾರೆ.

ಹಂತ ಒಂದು. ಲಾರಿಯ ಹಿಂಬಾಗಿಲು ತೆರೆಯಬೇಡಿ, ಸುತ್ತ ನೋಡಿ. ಬೀದಿ ತುದಿಯ ಚಹಾದಂಗಡಿಯಿಂದ ಒಂದೇ ಬಣ್ಣದ ಅಂಗಿಯ, ತಲೆಗೆ ತೋರ್ತು (ತೆಳು ಟವೆಲ್) ಸುತ್ತಿದ ನಾಲ್ಕೈದು ಜನ ಎದ್ದು ಬಂದರೆ ಎಲ್ಲವೂ ಸರಿಯಾಗಿ ಚಾಲೂ ಆಗಿದೆ ಎಂದರ್ಥ. ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ಯೂನಿಯನ್ನುಗಳವರು: ಚುನಾವಣೆಯಲ್ಲಿ ಮುಖ ಕೊಟ್ಟು ಮಾತಾಡದವರು ನಿಮ್ಮ ಫ್ರಿಜ್ಜಿನ ವಿಷಯದಲ್ಲಿ ಒಮ್ಮತಕ್ಕೆ ಬಂದಿರುತ್ತಾರೆ.

ಹಂತ ಎರಡು. "ಚೇಟ್ಟಾ, ನಮ್ಮ ಹುಡುಗರೇ ಇಳಿಸ್ಕೋತಾರೆ" ಅನ್ನಿ. "ಇಳಿಸಲಿ, ನಾವು ನೋಡ್ತೀವಿ, ನೋಡಿದ್ದಕ್ಕೆ ಕೊಡಿ" ಎಂದು ಅವರು ಅಂದರೆ ಗಾಬರಿ ಬೇಡ. ಇದೇ ನೋಕ್ಕುಕೂಲಿ. 2018ರ ಮೇ 1ರಿಂದ, ಕಾರ್ಮಿಕರ ದಿನದಂದೇ, ಕೇರಳ ಸರ್ಕಾರ ಇದನ್ನು ನಿಷೇಧಿಸಿತು. 2021ರಲ್ಲಿ ತಿರುವನಂತಪುರದ ತುಂಬಾದಲ್ಲಿ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರಕ್ಕೆ ಯಂತ್ರ ಹೊತ್ತು ಬಂದ ಲಾರಿಯನ್ನು ಅಡ್ಡಗಟ್ಟಿದವರು ಕೇಳಿದ್ದು 10 ಲಕ್ಷ ರೂಪಾಯಿ. ಅಷ್ಟು ಭಾರದ್ದನ್ನು ನೋಡಲಿಕ್ಕೂ ತ್ರಾಣ ಬೇಕಲ್ಲ! ಇಂಥ ದೂರು ಬಂದರೆ ಸುಲಿಗೆಯ ಕೇಸು ಹಾಕಿ ಎಂದು ಹೈಕೋರ್ಟೇ ಪೊಲೀಸರಿಗೆ ಹೇಳಬೇಕಾಯಿತು.

ಮನೆಬಳಕೆಗೆಂದು ನೀವು ಕರೆತಂದ ಆಳುಗಳು 1978ರ ತಲೆಹೊರೆ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆ ಸಾಲನ್ನು ಮೊಬೈಲಿನಲ್ಲಿ ತೋರಿಸಬಹುದು. ಕೇರಳ ನೋಡಿ, ಚೇಟ್ಟ ಓದಿಯೇ ಓದುತ್ತಾನೆ. ಓದಿ, ಫೋನ್ ವಾಪಸ್ ಕೊಟ್ಟು, ಮತ್ತೆ ಲಾರಿಯನ್ನೇ ನೋಡುತ್ತಾನೆ.

ಎಚ್ಚರಿಕೆ: "ಯೂನಿಯನ್ನುಗಳಿಂದಲೇ ಈ ರಾಜ್ಯ ಹಾಳಾಯ್ತು" ಎಂಬ ಭಾಷಣವನ್ನು ಇಲ್ಲಿ ಶುರುಮಾಡಬಾರದು. ಕೊಚ್ಚಿ ಬಂದರಿನಲ್ಲಿ ಒಂದು ಕಾಲಕ್ಕೆ ದಿನಗೂಲಿ ಸಿಗಬೇಕಾದರೆ ಚಾಪ್ಪ ಎಂಬ ಲೋಹದ ಬಿಲ್ಲೆ ಬೇಕಿತ್ತು. ಮೇಸ್ತ್ರಿ ಅದನ್ನು ಗುಂಪಿನ ಮೇಲೆ ಎಸೆಯುತ್ತಿದ್ದ. ಜನ ಒಬ್ಬರ ಮೇಲೊಬ್ಬರು ಬಿದ್ದು, ನೆಲದಲ್ಲಿ ಹೊರಳಾಡಿ ಹೆಕ್ಕಬೇಕು. ಸಿಕ್ಕಿದವನ ಮನೆಯಲ್ಲಿ ಅಂದು ಒಲೆ ಉರಿಯುತ್ತಿತ್ತು. 1953ರಲ್ಲಿ ಇದರ ವಿರುದ್ಧ ಮುಷ್ಕರ ಹೂಡಿದವರ ಮೇಲೆ ಮಟ್ಟಾಂಚೇರಿಯಲ್ಲಿ ಗೋಲಿಬಾರ್ ಆಯಿತು, ಹೆಣ ಬಿದ್ದವು. ಕೆಲಸ ಸರದಿ ಪ್ರಕಾರ ಸಿಗಬೇಕೆಂದು ಅಲ್ಲಿ ಕೇಳಿದ್ದು ನೂರಕ್ಕೆ ನೂರು ನ್ಯಾಯ. ಸರದಿ ಬಂತು, ಕೆಲಸ ಬರಲಿಲ್ಲ, ಆದರೂ ದುಡ್ಡು ಕೊಡಿ ಎನ್ನುವುದು ಆ ನ್ಯಾಯ ಹಳಸಿದ ಮೇಲಿನ ರುಚಿ.

ಹಂತ ಮೂರು. ದರಪಟ್ಟಿ ಕೇಳಿ, ಕೆಲಸವನ್ನು ಅವರಿಗೇ ಕೊಟ್ಟು ನೋಡಿ. ನೋಡುವ ಸರದಿ ಈಗ ನಿಮ್ಮದು. ಕಬ್ಬಿಣದ ಬೀರುವಿಗೆ ಒಬ್ಬ ಬೆನ್ನು ಕೊಡುತ್ತಾನೆ, ಇಬ್ಬರು ಹಗ್ಗ ಹಿಡಿಯುತ್ತಾರೆ, ಮೆಟ್ಟಿಲ ತಿರುವಿನಲ್ಲಿ ಹಿರಿಯನೊಬ್ಬ "ಪತುಕ್ಕೆ, ಪತುಕ್ಕೆ" (ನಿಧಾನ, ನಿಧಾನ) ಎನ್ನುತ್ತಾನೆ. ಗೋಡೆಯ ಸುಣ್ಣಕ್ಕೂ ಗೀರು ಬೀಳುವುದಿಲ್ಲ.

ಕೆಲಸ ಕೊಟ್ಟರೆ ಇಲ್ಲಿಯವರು ಹೀಗೆ ಮಾಡುತ್ತಾರೆಂಬ ನಂಬಿಕೆ ಬಾರದಿದ್ದರೆ ಬೈಪಾಸ್ ಜಂಕ್ಷನ್ನಿಗೆ ಹೋಗಿ ತಲೆಯೆತ್ತಿ. 2016ರಲ್ಲಿ ತೆರೆದ ಪಾಲಾರಿವಟ್ಟಂ ಮೇಲ್ಸೇತುವೆಯನ್ನು ಬಿರುಕು ಬಿಟ್ಟಿತೆಂದು 2019ರಲ್ಲಿ ಮುಚ್ಚಿದರು. ಎಂಜಿನಿಯರ್ ಇ. ಶ್ರೀಧರನ್ ಉಸ್ತುವಾರಿಯಲ್ಲಿ ಅದನ್ನು ಒಡೆದು ಕಟ್ಟಿದ್ದು ಊರಾಳುಂಗಲ್ ಸೊಸೈಟಿ. 1925ರಲ್ಲಿ ಮಲಬಾರಿನ ಕೂಲಿಕಾರರು ಹುಟ್ಟುಹಾಕಿದ, ಈಗಲೂ ಕೆಲಸಗಾರರೇ ಒಡೆಯರಾಗಿರುವ ಸಹಕಾರ ಸಂಘ. 2020ರ ಸೆಪ್ಟೆಂಬರ್ ಕೊನೆಗೆ ಶುರುವಾದ ಕೆಲಸ ಮುಗಿದು 2021ರ ಮಾರ್ಚ್ 7ಕ್ಕೆ ವಾಹನ ಓಡಿದವು. ಅದೇ ರಾಜ್ಯ, ಅದೇ ಮಳೆ, ಅದೇ ಚಹಾ. ಕೆಲಸ ಮಾತ್ರ ಅವರದೇ ಆಗಿತ್ತು.

ಸೂಚನೆ: ಮುಂದೆ ಮನೆ ಬದಲಿಸುವಾಗ ಹಂತ ಒಂದರಿಂದ ಶುರುಮಾಡಿ. ಹೊಸ ಏರಿಯಾದ ಚೇಟ್ಟಂದಿರು ಬೇರೆ, ಹಳೆಯ ಪರಿಚಯ ಅಲ್ಲಿ ನಡೆಯದು. ಲಾರಿಗೆ ಏರಿಸುವ ಕೂಲಿ ಪ್ರತ್ಯೇಕ.