ದಟ್-ಆಫ್ ಮೇಷ್ಟ್ರು

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಇಲ್ಲದ ಬಡಾವಣೆ ನಮ್ಮಲ್ಲಿ ಅಪರೂಪ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಇಂಗ್ಲಿಷ್ ಪೇಪರು. ನಮ್ಮ ಬೀದಿಯ ಮೇಷ್ಟ್ರಿಗೆ ಹುಡುಗರಿಟ್ಟ ಹೆಸರು ‘ದಟ್-ಆಫ್ ಮೇಷ್ಟ್ರು’. ಸ್ಪೆಲಿಂಗ್ ತಪ್ಪು, ಕಾಮಾ ತಪ್ಪುಗಳನ್ನೆಲ್ಲ ಅವರು ಗೊಣಗಿಕೊಂಡಾದರೂ ಕ್ಷಮಿಸುತ್ತಾರೆ. ಆದರೆ ಯಾರಾದರೂ ‘ದಿ ಕ್ಲೈಮೇಟ್ ಆಫ್ ಮೈಸೂರ್ ಈಸ್ ಬೆಟರ್ ದ್ಯಾನ್ ಬೆಂಗಳೂರ್’ ಅಂದರೋ, ಮುಗಿಯಿತು.

‘‘ಮೈಸೂರಿನ ಹವೆಯನ್ನ ಇಡೀ ಬೆಂಗಳೂರಿನ ಜೊತೆ ತೂಗ್ತೀರೇನ್ರೀ? ಹವೆಗೆ ಹವೆ, ಊರಿಗೆ ಊರು! ದ್ಯಾನ್ ದಟ್ ಆಫ್ ಬೆಂಗಳೂರ್!’’

ಕಳೆದ ತಿಂಗಳು ಎದುರುಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಹಿರಿಯರೆಂದು ಇವರನ್ನೂ ಕರೆದಿದ್ದರು, ಪಾಪ. ಉಪ್ಪಿಟ್ಟು, ಕೇಸರಿಬಾತು ಸುಸೂತ್ರವಾಗಿ ಮುಗಿದವು. ಹುಡುಗನ ತಂದೆ ಕಾಫಿ ಲೋಟ ಕೆಳಗಿಟ್ಟು, ಗತ್ತಿನಿಂದ, ‘‘ಮೈ ಸನ್ಸ್ ಸ್ಯಾಲರಿ ಈಸ್ ಮೋರ್ ದ್ಯಾನ್ ಹಿಸ್ ಬಾಸ್’’ ಅಂದರು. ಹುಡುಗಿಯ ತಾಯಿಯ ಮುಖ ಅರಳಿತು. ಮೇಷ್ಟ್ರ ಕೈ ಕೆಂಪು ಪೆನ್ನಿಗೆ ಹೋಯಿತು.

‘‘ಸ್ಯಾಲರಿ ದುಡ್ಡು, ಬಾಸು ಮನುಷ್ಯ. ಹೆಚ್ಚು ಅಂತ ಹೇಗೆ ಹೇಳ್ತೀರಿ?’’

‘‘ನಂಬಿಕೆ ಇಲ್ದಿದ್ರೆ ಪೇ ಸ್ಲಿಪ್ಪೇ ತೋರಿಸ್ತೀವಿ ಸ್ವಾಮಿ.’’

‘‘ಸ್ಲಿಪ್ಪು ಯಾಕೆ? ದಟ್ ಆಫ್ ಸಾಕು.’’

ಬಾಗಿಲ ಬಳಿ ನಿಂತಿದ್ದ ಹುಡುಗಿ, ‘‘ಅಪಾಸ್ಟ್ರಫಿ ಹಾಕಿ ‘ಹಿಸ್ ಬಾಸಸ್’ ಅಂದ್ರೂ ಆಗುತ್ತಲ್ವಾ ಸಾರ್?’’ ಅಂದಳು. ಆಗುತ್ತದೆ. ಬಾಸಿಗೆ ಷಷ್ಠಿ ಹಚ್ಚಿದರೆ ಅವನ ಸಂಬಳ ಕಾಣಿಸಿಕೊಳ್ಳದೆಯೂ ಬಂದು ಕೂರುತ್ತದೆ. ಆದರೆ ಮೇಷ್ಟ್ರಿಗೆ ಅದು ಕಳ್ಳದಾರಿ. ಸರಿಯೆಂದು ಒಪ್ಪಿದರು, ಪೂರ್ತಿ ಮಾರ್ಕು ಕೊಡಲಿಲ್ಲ. ಅವರಿದ್ದೂ ಸಂಬಂಧ ಕುದುರಿತು ಅನ್ನುವುದು ಹುಡುಗಿಯ ಪುಣ್ಯ.

ಅವರ ವೇದವೆಂದರೆ ‘ರೆನ್ ಅಂಡ್ ಮಾರ್ಟಿನ್’ ಇಂಗ್ಲಿಷ್ ವ್ಯಾಕರಣ. ಬೈಂಡು ಕಿತ್ತುಹೋಗಿ ರಬ್ಬರ್ ಬ್ಯಾಂಡಿನ ಆಸರೆಯಲ್ಲಿದೆ. ಬೊಂಬಾಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದ ಆ ಪಿ. ಸಿ. ರೆನ್ ಸಾಹೇಬರೇ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದರು, ಮರುಭೂಮಿ, ಬಂದೂಕು, ಕಳುವಾದ ರತ್ನ ಎಲ್ಲ ಇರುವ ಆ ಕತೆ ಸಿನಿಮಾ ಕೂಡ ಆಯಿತು ಅಂದರೆ ಮೇಷ್ಟ್ರು ಸುತರಾಂ ನಂಬುವುದಿಲ್ಲ. ‘‘ಅವರು ಬೇರೆ ರೆನ್ ಇರಬೇಕು ಬಿಡಿ.’’

ಅದೇ ಮೇಷ್ಟ್ರು ಕನ್ನಡಕ್ಕೆ ಇಳಿದರೆ ಮನುಷ್ಯರೇ ಬೇರೆ. ‘‘ನಮ್ಮನೆ ಕಾಫಿ ನಿಮ್ಮನೆಗಿಂತ ಗಟ್ಟಿ’’ ಎಂದು ಧಾರಾಳವಾಗಿ ಹೇಳುತ್ತಾರೆ. ಮನೆಗಿಂತ ಗಟ್ಟಿಯಾದ ಕಾಫಿ! ‘ನಿಮ್ಮನೆಯದಕ್ಕಿಂತ’ ಆಗಬೇಕಲ್ಲವೇ ಸಾರ್ ಎಂದು ಕೆದಕಿದರೆ, ‘‘ಭಾವ ತಿಳೀತಲ್ಲ, ಸಾಕು’’ ಎಂದು ಕೈಯಾಡಿಸುತ್ತಾರೆ. ಈ ಔದಾರ್ಯದ ಕಾಲುಭಾಗ ನಮ್ಮ ಇಂಗ್ಲಿಷಿಗೂ ಸಿಕ್ಕಿದ್ದರೆ ಎಸ್ಸೆಸ್ಸೆಲ್ಸಿಯನ್ನು ಎಷ್ಟು ಸುಖವಾಗಿ ದಾಟುತ್ತಿದ್ದೆವು!

ಮೊನ್ನೆ ಭಾನುವಾರ ಹೋಟೆಲಿನಲ್ಲಿ ಅವರ ವಾಕಿಂಗ್ ಗೆಳೆಯರೊಬ್ಬರು, ಇಷ್ಟು ದಿನದ ಪಾಠ ವ್ಯರ್ಥವಾಗಿಲ್ಲವೆಂದು ತೋರಿಸಲು, ‘‘ದಿ ರೋಡ್ಸ್ ಆಫ್ ಮೈಸೂರ್ ಆರ್ ವೈಡರ್ ದ್ಯಾನ್ ದಟ್ ಆಫ್ ಬೆಂಗಳೂರ್’’ ಎಂದು ಒಂದೊಂದೇ ಪದ ಇಟ್ಟು ಹೇಳಿ, ಶಹಬ್ಬಾಸಿಗೆ ಕಾದರು.

ಮೇಷ್ಟ್ರು ಮೇಜು ಗುದ್ದಿದರು. ‘‘ರೋಡು ಒಂದೇನಾ? ಬಹುವಚನ ಕಣ್ರೀ! ದಟ್ ಅಲ್ಲ, ದೋಸ್! ದೋಸ್!’’

ಸಪ್ಲೈಯರ್ ಓಡಿ ಬಂದ. ‘‘ಸಾದಾನಾ, ಮಸಾಲೇನಾ ಸಾರ್?’’